ಹೊದಳು ಹಾಕುವ ಕೈ

“ಹೊದಳು ಹಾಕುವಾಗ ಕ್ಯಾಮೆರಾ ಹಿಡಿಯುದು ಯಾರು?”

ಖಾಲಿ ಮಂಟಪದ ಎದುರು ನಿಂತು ಮುರಳಿಕೃಷ್ಣ ಗಟ್ಟಿಯಾಗಿಯೇ ಕೇಳಿದ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಪುತ್ತೂರಿನ ಆ ಸಭಾಭವನದ ಕುರ್ಚಿಗಳು ಇನ್ನೂ ಒಂದರ ಮೇಲೊಂದು ಹತ್ತಿ ಕೂತಿದ್ದವು. ಹಿಂದಿನ ಅಡಿಗೆಮನೆಯಿಂದ ಕಾಯಿ ತುರಿಯುವ ಸದ್ದು ಬರುತ್ತಿತ್ತು, ಅಷ್ಟೆ.

ಆ ಪ್ರಶ್ನೆಯಲ್ಲಿ ಚಿಂತೆಗಿಂತ ಜಂಬವೇ ಹೆಚ್ಚಿತ್ತು. ಮದುವೆ ತಂಗಿ ಚಿನ್ಮಯೀಯದು. ಫೋಟೋ ತೆಗೆಯುವವನೂ ಅವನೇ, ಮದುಮಗಳ ಒಬ್ಬನೇ ಅಣ್ಣನೂ ಅವನೇ. ಧಾರೆ ಎರೆದು, ಕರಿಮಣಿ ಕಟ್ಟಿ ಆದ ಮೇಲೆ ಹೋಮದ ಎದುರು ಮದುಮಗಳು ಬೊಗಸೆ ಒಡ್ಡುತ್ತಾಳೆ. ಭತ್ತ ಹುರಿದು ಅರಳಿಸಿದ ಹೊದಳನ್ನು ಒಡಹುಟ್ಟಿದವನು ಆ ಬೊಗಸೆಗೆ ತುಂಬುತ್ತಾನೆ, ಅವಳು ಅದನ್ನು ಬೆಂಕಿಗೆ ಸುರಿಯುತ್ತಾಳೆ. ತವರಿನ ಕೈ ಅವಳ ಕೈಗೆ ಕೊಡುವುದರಲ್ಲಿ ಅದೇ ಕೊನೆಯದು.

ಚಿನ್ಮಯೀ ಸಣ್ಣವಳಿರುವಾಗ ಅತ್ತೆಯ ಮದುವೆಯಲ್ಲಿ ಇದನ್ನು ನೋಡಿ ಬಂದು, ವಾರಗಟ್ಟಲೆ ಅಣ್ಣನ ಕೈಯಲ್ಲಿ ಅವಲಕ್ಕಿ ಹಾಕಿಸಿಕೊಂಡು ಅಂಗಳದ ಬಚ್ಚಲು ಒಲೆಗೆ ಸುರಿದಿದ್ದಳು. ಅಮ್ಮ ಡಬ್ಬಿ ತೆರೆದು ನೋಡಿ ಇಬ್ಬರಿಗೂ ಬಾರಿಸಿದ್ದಳು. ಮದುಮಗ ಯಾರೆಂದು ಗೊತ್ತಿಲ್ಲದಿದ್ದರೂ ಹೊದಳು ಹಾಕುವವ ಯಾರೆಂದು ಅಂದೇ ನಿಶ್ಚಯವಾಗಿತ್ತು.

ಆದ್ದರಿಂದ ಮುರಳಿ ಉಪಾಯ ಮಾಡಿಕೊಂಡೇ ಬಂದಿದ್ದ. ಮಂಟಪದ ಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ, ಅದರ ಮೇಲೆ ಕ್ಯಾಮೆರಾ ಕೂರಿಸಿ, ಹೋಮಕುಂಡ ಬರುವ ಜಾಗಕ್ಕೆ ಫೋಕಸ್ ಹೊಂದಿಸಿದ. ಬೊಗಸೆಯೂ ಹೊದಳೂ ಬೆಂಕಿಯೂ ಒಂದೇ ಚೌಕಟ್ಟಿನೊಳಗೆ ಬರುತ್ತವೆ. ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಕ್ಯಾಮೆರಾ ತಾನೇ ತೆಗೆಯುತ್ತದೆ. ದೊಡ್ಡಪ್ಪನ ಮಗಳು ಸಾಕ್ಷಿಗೆ ಮೊಬೈಲು ಕೊಟ್ಟರಾಯಿತು.

ಮುರಳಿ ಕೆದಂಬಾಡಿಯವ. ಸೊಸೈಟಿಯಲ್ಲಿ ಗುಮಾಸ್ತ. ರಜೆ ಸಿಕ್ಕಿದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಕ್ಕಿ ಹುಡುಕುತ್ತ ಅಲೆಯುವವ. ಕೋಡಿಂಬಾಳದ ರಬ್ಬರು ತೋಟದ ಅಂಚಿನಲ್ಲಿ ತೆಗೆದ ಮಂಗಟ್ಟೆ ಹಕ್ಕಿಯ ಪಟ ಪತ್ರಿಕೆಯ ಭಾನುವಾರದ ಪುಟದಲ್ಲಿ ಬಂದಿತ್ತು. ಮದುವೆ ನಿಶ್ಚಯವಾದ ಮೇಲೆ ದೊಡ್ಡಪ್ಪ ಆ ಪುಟವನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದಿದ್ದರು. “ಮನೆಯಲ್ಲೇ ಇಂಥವ ಇರುವಾಗ ಸ್ಟುಡಿಯೋದವರು ಎಂತಕ್ಕೆ? ಮುರಳಿಯೇ ತೆಗೆಯಲಿ!” ಜೊತೆಗೆ ಒಂದು ಉಡುಗೊರೆ: ಎದೆಯ ತುಂಬ ಕಿಸೆಗಳಿದ್ದ, ಪೂರ್ತಿ ತೋಳಿನ ಖಾಕಿ ಜಾಕೆಟ್. “ಫೋಟೋಗ್ರಾಫರ್ ಅಂದರೆ ಫೋಟೋಗ್ರಾಫರ್ ಹಾಗೆ ಕಾಣ್ಬೇಕು ಮಾರಾಯ.”

ದೊಡ್ಡಪ್ಪನ ಬಾಯಿಂದ ಹೊಗಳಿಕೆ ಉದುರುವುದು ಅಪರೂಪ. ಮುರಳಿ ಆ ಜಾಕೆಟ್ ಹಾಕಿಕೊಂಡು ಕನ್ನಡಿಯ ಎದುರು ಎರಡು ಸಲ ತಿರುಗಿದ್ದ.

ಸೆಕೆ ಏರುತ್ತಿದ್ದಂತೆ ಸಭಾಭವನ ತುಂಬಿತು. ವಾಲಗದವರು ಬಂದರು. ದೊಡ್ಡಪ್ಪ ಮೈಕು ಹಿಡಿದು ಗುಡುಗಿದರು: “ಮೊಬೈಲ್ ಹಿಡ್ಕೊಂಡು ಯಾರೂ ಮಂಟಪ ಹತ್ತಬಾರದು. ಬೆನ್ನು ನೋಡ್ಲಿಕ್ಕೆ ಬಂದದ್ದಲ್ಲ ನಾವು. ಫೋಟೋ ನಮ್ಮ ವ್ಯವಸ್ಥೆ ಉಂಟು.” ಜನ ನಕ್ಕರು.

ಮುರಳಿ ಓಡಾಡಿ ತೆಗೆದ. ಸೋದರಮಾವನ ಮಗನೊಬ್ಬ ಕೂಗಿದ: “ಮುರಳಿ ಭಾವ, ನನ್ನ ಹೊಟ್ಟೆ ಬಾರದ ಹಾಗೆ ತೆಗಿ.”

“ಹಾಗಾದರೆ ನೀನೇ ಬರುದಿಲ್ಲ ಭಾವ.”

ಆಲಂಕಾರಿನಿಂದ ಬಂದ ಗಂಡಿನ ಕಡೆಯ ಒಬ್ಬ ಹೆಂಗಸು ಅವನ ಜಾಕೆಟ್ ಜಗ್ಗಿದರು. “ಫೋಟೋದವರೇ, ನಮ್ಮದೊಂದು ತೆಗೆಯಿರಿ. ಯಾವ ಸ್ಟುಡಿಯೋ ನಿಮ್ಮದು?”

ಮುರಳಿ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ದೊಡ್ಡಪ್ಪ ನಗುತ್ತ ಹೇಳಿದರು: “ನಮ್ಮ ಕಡೆಯವನೇ.”

ನಮ್ಮ ಕಡೆಯವನೇ. ಆ ಮಾತು ಕಿವಿಯಲ್ಲಿ ಸಣ್ಣ ಕಲ್ಲಿನ ಹಾಗೆ ಕೂತಿತು. ಮದುಮಗಳ ಅಣ್ಣ ಅನ್ನಲು ಬಾಯಿಗೆ ಅಷ್ಟು ಭಾರವೇ?

ಸಾಕ್ಷಿ ಸಿಕ್ಕಿದ್ದು ಮದುಮಗಳ ಕೋಣೆಯ ಬಾಗಿಲಲ್ಲಿ, ಹೂವಿನ ತಟ್ಟೆ ಹಿಡಿದುಕೊಂಡು. ಮುರಳಿ ಮೊಬೈಲು ತೋರಿಸಿ ಹೇಳಿಕೊಟ್ಟ: “ನಾನು ಹೊದಳು ಕೈಗೆ ತೆಗೊಂಡ ಕೂಡಲೇ ಇದನ್ನು ಒತ್ತು. ಬಿಡದೆ ಒತ್ತುತ್ತಾ ಇರು.”

ಸಾಕ್ಷಿ ಕಣ್ಣು ಮಿಟುಕಿಸಿದಳು. “ನೀನು ಹಾಕುದಾ ಮುರಳಿಯಣ್ಣ? ಉದಯಣ್ಣ ಅಲ್ವಾ? ಅವ ಅದಕ್ಕೇಂತ ನಿನ್ನೆಯೇ ಮಡಿಪಂಚೆ ತೆಗೆದಿಟ್ಟಿದ್ದಾನೆ.” ಹೇಳಿದ ಮೇಲೆ ತಾನು ಹೇಳಬಾರದ್ದನ್ನು ಹೇಳಿದೆ ಎಂದು ಅವಳಿಗೆ ಗೊತ್ತಾಯಿತು. ತಟ್ಟೆಯ ಮಲ್ಲಿಗೆ ನೋಡತೊಡಗಿದಳು. “ನಿನಗೆ ಹೇಳಿದ್ದಾರೆ ಅಂತ ಎಣಿಸಿದೆ.”

ಉದಯ ಎಂದರೆ ಉದಯಶಂಕರ, ದೊಡ್ಡಪ್ಪನ ಮಗ. ಸಾಕ್ಷಿಯ ಅಣ್ಣ. ದೊಡ್ಡಪ್ಪನ ಮಗನೂ ಅಣ್ಣನೇ. ಸ್ವಂತ ಅಣ್ಣ ಇಲ್ಲದವಳಿಗೆ ಅವನೇ ಹೊದಳು ಹಾಕುವುದು ಕ್ರಮ. ಆದರೆ ಚಿನ್ಮಯೀಗೆ ಸ್ವಂತ ಅಣ್ಣ ಇದ್ದ. ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

ಮುರಳಿ ಜಾಕೆಟಿನ ತೋಳು ಸರಿಸಿ ತನ್ನ ಕೈ ನೋಡಿಕೊಂಡ.

ಕಾಲೇಜಿನಲ್ಲಿರುವಾಗ ಮಣಿಕಟ್ಟಿನಲ್ಲಿ ಸಾಸಿವೆಯಷ್ಟು ಬಿಳಿ ಮಚ್ಚೆ ಕಾಣಿಸಿಕೊಂಡು, ಈಗ ಎರಡೂ ಕೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ತೊನ್ನು ಹರಡಿತ್ತು. ಅಂಟುವ ರೋಗವಲ್ಲ, ನೋವಿಲ್ಲ, ತುರಿಕೆಯಿಲ್ಲ. ಅವನು ಅದನ್ನು ಮರೆತೇ ಬಿಟ್ಟಿದ್ದ ಎನ್ನಬೇಕು. ಈಗ ಒಂದೊಂದಾಗಿ ನೆನಪಾಯಿತು. ಹೆಣ್ಣು ನೋಡಲು ಗಂಡಿನ ಕಡೆಯವರು ಬಂದ ದಿನ ಅವನನ್ನು ಅಡಿಕೆ ಸುಲಿಯುವ ಯಂತ್ರದ ಬೆಲ್ಟು ತರಲು ಸುಳ್ಯಕ್ಕೆ ಅಟ್ಟಿದ್ದರು. ಪುತ್ತೂರಿನಲ್ಲಿ ಸಿಗದ ಬೆಲ್ಟೇನೂ ಅಲ್ಲ ಅದು. ನಿಶ್ಚಿತಾರ್ಥದ ದಿನ ಸಾಲಾಗಿ ಕೂತು ಎಲ್ಲರ ಪರಿಚಯ ಮಾಡಿಸುವ ಹೊತ್ತಿಗೆ, “ಮುರಳಿ, ನೀನು ಆ ಕಡೆಯಿಂದ ತೆಗಿ” ಎಂದಿದ್ದರು. ಆಮೇಲೆ ಈ ಜಾಕೆಟ್, ಈ ಸೆಕೆಗೆ ಪೂರ್ತಿ ತೋಳಿನದು. ಮಂಗಟ್ಟೆ ಹಕ್ಕಿಯ ಪಟ ನೋಡಿ ಯಾರೂ ಅವನಿಗೆ ಕೆಲಸ ಕೊಟ್ಟಿರಲಿಲ್ಲ. ಕ್ಯಾಮೆರಾ ಹಿಡಿದವನು ಪಟದಲ್ಲಿ ಬರುವುದಿಲ್ಲ ಎಂದು ಕೊಟ್ಟದ್ದು.

ಮೊಬೈಲನ್ನು ಸಾಕ್ಷಿಯ ತಟ್ಟೆಯಲ್ಲೇ ಇಟ್ಟು ಅಮ್ಮನ ಕಡೆ ಹೊರಟ.

ಅಮ್ಮ ದೇವಕಿ ಅಡಿಗೆಮನೆಯ ಓಣಿಯಲ್ಲಿ ಬಾಳೆಲೆ ಎಣಿಸುವವರಿಗೆ ಏನೋ ಹೇಳುತ್ತಿದ್ದಳು. ಮಗನ ಮುಖ ನೋಡಿದವಳೇ ಪಕ್ಕಕ್ಕೆ ಬಂದಳು.

“ಅಮ್ಮ, ಹೊದಳು ಹಾಕುದು ಯಾರು?”

“ಮೆಲ್ಲ ಮಾತಾಡು ಮಗಾ. ಆಲಂಕಾರಿನವರು ಅಲ್ಲೇ ಕಾಫಿ ಕುಡೀತಿದ್ದಾರೆ.”

“ಯಾರು ಅಂತ ಕೇಳಿದೆ.”

ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ನಿನ್ನ ದೊಡ್ಡಪ್ಪ ಹಾಗೆ ಹೇಳಿದರು. ಅವರಿಗೆ ಗೊತ್ತಿಲ್ಲ, ಗಂಡಿನ ಕಡೆಯವರಿಗೆ. ನಾಳೆ ಇವಳ ಮಕ್ಕಳಿಗೂ ಬಂದರೆ ಅಂತ ಒಂದು ಮಾತು ಬಂದರೆ? ಎರಡು ತಪ್ಪಿ ಹೋಗಿ ಇದು ಮೂರನೇ ಸಂಬಂಧ, ನಿನಗೆ ಗೊತ್ತುಂಟಲ್ಲ. ಒಂದು ದಿನದ್ದು ಮಗಾ. ಮದುವೆ ಕಳೆದ ಮೇಲೆ ಎಲ್ಲ ಸರಿಯಾಗ್ತದೆ.”

“ಇದೇ ಕೈಯಲ್ಲಿ ದಿನಾ ದೇವರಿಗೆ ಹೂ ಇಡ್ತೇನೆ. ಇದೇ ಕೈಯಿಂದ ತೀರ್ಥ ತೆಗೊಳ್ತಿ ನೀನು. ದೇವರಿಗೆ ಆಗುವ ಕೈ ಆಲಂಕಾರಿನವರಿಗೆ ಆಗುದಿಲ್ವಾ?”

“ದೇವರು ಸಂಬಂಧ ಮುರಿಯುದಿಲ್ಲ. ಮನುಷ್ಯರು ಮುರೀತಾರೆ.”

ಆ ಮಾತಿಗೆ ಸಿಟ್ಟು ಇನ್ನಷ್ಟು ಏರಿತು. ಅಪ್ಪನನ್ನು ಹುಡುಕಿಕೊಂಡು ಹೋದ.

ಅಪ್ಪ ವೆಂಕಟ್ರಮಣ ಮಂಟಪದ ಹಿಂದಿನ ಕೋಣೆಯಲ್ಲಿ ಮಡಿಯುಟ್ಟು, ಶಲ್ಯ ಹೊದ್ದು, ಧಾರೆಗೆ ಕರೆಯುವುದನ್ನು ಕಾಯುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಪುರಾಣದ ಪದ್ಯಗಳನ್ನು ರಾಗವಾಗಿ ಓದುವುದು ಅವರ ರೂಢಿ. ಆ ಓದು ಕೇಳುತ್ತಲೇ ಮುರಳಿ, ಚಿನ್ಮಯೀ ಇಬ್ಬರೂ ಬೆಳೆದದ್ದು. ಅನ್ಯಾಯ ನಡೆಯುವ ಸಭೆಯ ಭಾಗ ಬಂದರೆ ಅಪ್ಪನ ಕಂಠ ಜಂತಿಗೆ ಮುಟ್ಟುತ್ತಿತ್ತು. ಸುಮ್ಮನೆ ಕೂತ ಹಿರಿಯರನ್ನು ಬೈಯುವ ಸಾಲುಗಳನ್ನು ಎರಡೆರಡು ಸಲ ಓದುತ್ತಿದ್ದರು.

“ಅಪ್ಪ, ನಿಮಗೆ ಗೊತ್ತಿತ್ತಾ?”

ಎಂತದು ಎಂದು ಅಪ್ಪ ಕೇಳಲಿಲ್ಲ. ಕೇಳದ್ದರಿಂದಲೇ ಉತ್ತರ ಸಿಕ್ಕಿತು. ದರ್ಭೆಯ ಪವಿತ್ರವನ್ನು ಬೆರಳಿನಲ್ಲಿ ತಿರುಗಿಸುತ್ತ ಹೇಳಿದರು: “ಅಣ್ಣ ಎಲ್ಲ ತೀರ್ಮಾನ ಮಾಡಿ ಆಗಿದೆ. ನಾನು ಎಂತ ಹೇಳುದು ಅದರಲ್ಲಿ?”

“ಪದ್ಯ ಓದುವಾಗ ಹೇಳುದನ್ನೇ ಹೇಳ್ಬಹುದಿತ್ತು.”

ಅಪ್ಪನ ಕುತ್ತಿಗೆ ಇಷ್ಟೇ ಇಷ್ಟು ಬಗ್ಗಿತು. ಹೊರಗೆ ವಾಲಗ ಜೋರಾಯಿತು. ಮುಹೂರ್ತ ಹತ್ತಿರ ಬಂತು ಎಂದು ಯಾರೋ ಬಂದು ಅಪ್ಪನನ್ನು ಎಬ್ಬಿಸಿಕೊಂಡು ಹೋದರು.

ಮುರಳಿ ಮಂಟಪಕ್ಕೆ ಮರಳಿದ. ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಅವನೊಳಗೆ ಒಂದು ಹಟದ ಎಣಿಕೆ ಇತ್ತು: ಭಟ್ರು ಅಣ್ಣನನ್ನು ಕರೆಯುತ್ತಾರೆ, ನಾನು ಹೋಗಿ ನಿಲ್ಲುತ್ತೇನೆ, ಇಷ್ಟು ಜನರ ಎದುರು ಯಾರು ತಡೆಯುತ್ತಾರೆ ನೋಡುವ. ಯಾರು ತಡೆದರೂ ಚಿನ್ಮಯೀ ಬಿಡುವವಳಲ್ಲ. ಅವಳಿಗೆ ಇದು ಗೊತ್ತೇ ಇರಲಿಕ್ಕಿಲ್ಲ.

ಅಂತರಪಟ ಸರಿಯಿತು. ಧಾರೆಯ ನೀರು ಬಿತ್ತು. ಕರಿಮಣಿ ಕಟ್ಟಿದ್ದಾಯಿತು. ಮುರಳಿ ಒಂದನ್ನೂ ಬಿಡದೆ ತೆಗೆದ. ಅಪ್ಪನ ಕಣ್ಣಿನ ನೀರು ತೆಗೆದ, ಅಮ್ಮನ ನಡುಗುವ ಗಲ್ಲ ತೆಗೆದ. ಕೈ ಒಂದಿಷ್ಟೂ ಅಲುಗಲಿಲ್ಲ. ಸಿಟ್ಟಿನಲ್ಲಿ ಕೈ ಇಷ್ಟು ಗಟ್ಟಿ ಇರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಹೋಮಕ್ಕೆ ಬೆಂಕಿ ಹೊತ್ತಿತು. ಭಟ್ರು ತುಪ್ಪದ ಪಾತ್ರೆ ಸರಿಸಿ, ಹೊದಳಿದ್ದ ಬಿದಿರಿನ ಗೆರಸೆಯನ್ನು ಮುಂದಕ್ಕೆ ಎಳೆದುಕೊಂಡು ಕತ್ತೆತ್ತಿದರು. “ಮದುಮಗಳ ಅಣ್ಣ ಬರಲಿ.”

ಮುರಳಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ, ಜಾಕೆಟಿನ ಮೇಲಿನ ಗುಂಡಿಗೆ ಕೈ ಹಾಕಿ ಒಂದು ಹೆಜ್ಜೆ ಇಟ್ಟ. ದೊಡ್ಡಪ್ಪ ನಗುನಗುತ್ತಲೇ ಅಡ್ಡ ಬಂದರು. ಒಂದು ಕೈ ಅವನ ಎದೆಯ ಮೇಲಿತ್ತು. ನೋಡುವವರಿಗೆ ಪ್ರೀತಿಯಿಂದ ಇಟ್ಟ ಕೈಯೆಂದೇ ಕಂಡಿರಬೇಕು.

“ನೀನು ಆ ಮೂಲೆಯಿಂದ ತೆಗಿ ಮುರಳಿ. ಚಂದ ಬರ್ತದೆ. ಏ ಉದಯ, ಬಾ, ಬಾ.”

“ನಾನು ಅಣ್ಣ, ದೊಡ್ಡಪ್ಪ.”

“ಯಾರು ಅಲ್ಲ ಅಂದದ್ದು?” ನಗು ಹಾಗೇ ಇತ್ತು, ದನಿ ಮಾತ್ರ ಕೆಳಗಿಳಿಯಿತು. “ತಂಗಿಯ ಬಾಳು ಹಾಳು ಮಾಡ್ಲಿಕ್ಕೆ ಹೊರಟಿದ್ದೀಯಾ? ಹೋಗು. ಹೇಳಿದಷ್ಟು ಮಾಡು.”

ಮುರಳಿ ಅವರ ಹೆಗಲ ಮೇಲಿಂದ ತಂಗಿಯನ್ನು ನೋಡಿದ. ಅವಳು ಎಲ್ಲವನ್ನೂ ಕೇಳಿಸಿಕೊಳ್ಳುವಷ್ಟು ಹತ್ತಿರ ಇದ್ದಳು. ಒಂದು ಸಲ ಕತ್ತೆತ್ತಿದರೆ ಸಾಕಿತ್ತು. ಅವಳು ಬಾಗಿಸಿದ ತಲೆಯನ್ನು ಎತ್ತಲಿಲ್ಲ. ಮದರಂಗಿ ಬಿಡಿಸಿದ ಎರಡು ಕೈ ಜೋಡಿಸಿ ಬೊಗಸೆ ಮಾಡಿ, ಆ ಬೊಗಸೆಯನ್ನೇ ನೋಡುತ್ತ ಕೂತಳು.

ಉದಯಶಂಕರ ಮಡಿಪಂಚೆ ಸರಿಮಾಡಿಕೊಂಡು ಕೂತ. ಮುರಳಿಯ ಕಡೆ ನೋಡುವ ಧೈರ್ಯ ಅವನಿಗೂ ಆಗಲಿಲ್ಲ. ಹೊದಳು ಬೊಗಸೆಗೆ ಬಿತ್ತು. ಬೊಗಸೆಯಿಂದ ಬೆಂಕಿಗೆ ಬಿತ್ತು. ಚಟಪಟ ಸದ್ದಾಯಿತು.

ಆ ಹೊತ್ತಿಗೆ ಮುರಳಿ ಕ್ಯಾಮೆರಾ ಆಫ್ ಮಾಡಿದ. ಸ್ಟ್ಯಾಂಡಿನ ಪಕ್ಕದಲ್ಲಿ ಎರಡೂ ಕೈ ಜಾಕೆಟಿನ ಕಿಸೆಯಲ್ಲಿ ತುರುಕಿಕೊಂಡು ನಿಂತ. ಎದುರು ಸಾಲಿನಲ್ಲಿದ್ದ ಸಾಕ್ಷಿ ಮೊಬೈಲು ಎತ್ತಿ ತೋರಿಸಿ, ಒತ್ತಲಾ ಎಂದು ಕಣ್ಣಲ್ಲೇ ಕೇಳಿದಳು. ಅವನು ತಲೆಯಾಡಿಸಿದ, ಬೇಡ. ಬೆಂಕಿ ಸುತ್ತಿ ಬಂದು ಮತ್ತೆ ಬೊಗಸೆ, ಮತ್ತೆ ಹೊದಳು. ಕೆಳಗಿನ ಜನರಿಗೆ ಕಂಡದ್ದು ಹೊಗೆ ಮತ್ತು ದೊಡ್ಡಪ್ಪನ ಅಗಲ ಬೆನ್ನು. ಎಲ್ಲ ಮುಗಿದು ಸಪ್ತಪದಿ ಶುರುವಾದಾಗ ಮುರಳಿ ಮತ್ತೆ ಕ್ಯಾಮೆರಾ ಎತ್ತಿಕೊಂಡ.

ಊಟದ ಮೊದಲ ಪಂಕ್ತಿ ಕೂರುವ ಹೊತ್ತಿಗೆ ಮದುಮಗನ ಅಪ್ಪ ಮಂಟಪದ ಬಳಿ ಬಂದರು. ದೊಡ್ಡ ದನಿಯ, ದೊಡ್ಡ ನಗೆಯ ಮನುಷ್ಯ.

“ಎಲ್ಲಿ, ಹೊದಳು ಹೋಮದ್ದು ಒಂದು ತೋರಿಸಿ. ನನ್ನ ಅಮ್ಮನಿಗೆ ಆಲಂಕಾರಿನಿಂದ ಬರ್ಲಿಕ್ಕೆ ಆಗಲಿಲ್ಲ, ಮಂಚ ಬಿಟ್ಟು ಏಳುದಿಲ್ಲ. ಮೊಬೈಲಿಗೆ ಕಳಿಸಿದರೆ ಅಲ್ಲಿಯೇ ನೋಡ್ತಾಳೆ. ಅವಳಿಗೆ ಅದೇ ಒಂದು ನೋಡ್ಬೇಕಂತೆ.”

ಮುರಳಿ ಕ್ಯಾಮೆರಾ ಅವರ ಕೈಗೇ ಕೊಟ್ಟ. ಕರಿಮಣಿ ಬಂತು, ಅದರ ಬೆನ್ನಿಗೇ ಸಪ್ತಪದಿ ಬಂತು. ಅವರು ಹಿಂದೆ ಮುಂದೆ ಸರಿಸಿ ನೋಡಿದರು. “ಇದರಲ್ಲಿ ಇಲ್ಲವಲ್ಲ?”

“ಇಲ್ಲ. ತೆಗೆಯಲಿಲ್ಲ.”

ದೊಡ್ಡಪ್ಪ ಊಟದ ಚಪ್ಪರದಿಂದ ಓಡಿ ಬಂದರು. ವಿಷಯ ತಿಳಿದ ಕೂಡಲೇ ಮುಖ ಕೆಂಪಾಯಿತು. “ತೆಗೆಯಲಿಲ್ಲ ಅಂದರೆ ಎಂತ? ಒಂದು ಕೆಲಸ, ಒಂದೇ ಒಂದು ಕೆಲಸ ಕೊಟ್ಟದ್ದು ನಿನಗೆ! ಅದನ್ನೂ ನೆಟ್ಟಗೆ ಮಾಡ್ಲಿಕ್ಕೆ ಆಗದ ದಂಡಪಿಂಡ!”

“ಬೈಬೇಡಿ ಮಾರಾಯ್ರೆ,” ಮದುಮಗನ ಅಪ್ಪ ಅಂದರು. “ಪಾಪ, ಫೋಟೋದವರು ಗಡಿಬಿಡಿಯಲ್ಲಿ...”

“ನಾನು ಫೋಟೋದವ ಅಲ್ಲ,” ಅಂದ ಮುರಳಿ.

ಜಾಕೆಟಿನ ಗುಂಡಿ ಒಂದೊಂದೇ ಬಿಚ್ಚಿದ. ಒಳಗೆ ಅರ್ಧ ತೋಳಿನ ಅಂಗಿ. ಜಾಕೆಟನ್ನು ಮುದ್ದೆ ಮಾಡಿ ದೊಡ್ಡಪ್ಪನ ಕಾಲ ಬಳಿ ಎಸೆದ. ಎರಡೂ ಕೈ ಮುಂದಕ್ಕೆ ಚಾಚಿದ, ಮಣಿಕಟ್ಟಿನಿಂದ ಮೊಣಕೈವರೆಗೆ ಬೆಳ್ಳಗೆ.

“ನಾನು ಮದುಮಗಳ ಅಣ್ಣ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ. ಈ ಕೈ ನಿಮಗೆ ಕಾಣ್ಬಾರದು ಅಂತ ನನ್ನ ಕೈಗೆ ಕ್ಯಾಮೆರಾ ಕೊಟ್ಟದ್ದು. ಈಗ ಕಂಡಿರಲ್ಲ, ಎಂತ ಮಾಡ್ತೀರಿ ಮಾಡಿ.”

ವಾಲಗದವರು ಕೂಡ ನಿಲ್ಲಿಸಿದರು. ಅಮ್ಮ ಓಡಿ ಬಂದು ಕಂಬ ಹಿಡಿದುಕೊಂಡು ನಿಂತಳು. ಮದುಮಗನ ಅಪ್ಪ ಆ ಕೈಗಳನ್ನು ನೋಡಿದರು, ಮುಖ ನೋಡಿದರು, ಆಮೇಲೆ ದೊಡ್ಡಪ್ಪನ ಕಡೆ ತಿರುಗಿದರು.

“ಇದಕ್ಕಾ?”

ದೊಡ್ಡಪ್ಪ ಬಗ್ಗಿ ಜಾಕೆಟನ್ನು ಎತ್ತಿಕೊಂಡರು. “ಅಂದರೆ... ನಾವು ಸುಳ್ಳೇನೂ ಹೇಳಲಿಲ್ಲ. ನೀವೂ ಕೇಳಲಿಲ್ಲ...”

“ಇದನ್ನು ಬಚ್ಚಿಡ್ಲಿಕ್ಕೆ ಉಂಟಾ ಮಾರಾಯ್ರೆ? ನಮಗೆ ಎಂತ ತಲೆ ಇಲ್ವಾ?” ಅವರು ಮುರಳಿಯ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. “ಮೊದಲೇ ಹೇಳ್ಬಾರದಿತ್ತಾ ನೀನಾದರೂ?”

ಆ ಹಿಡಿತ ಬೆಚ್ಚಗಿತ್ತು. ಆದರೆ ಮುರಳಿಗೆ ಸಮಾಧಾನ ಆಗಲಿಲ್ಲ. ಅವರು ಸಂಬಂಧ ಮುರಿದು ಎದ್ದು ಹೋಗಿದ್ದರೆ ಅಮ್ಮನ ಹೆದರಿಕೆಗಾದರೂ ಒಂದು ಅರ್ಥ ಇರುತ್ತಿತ್ತು. ಈಗ ಅದೂ ಇಲ್ಲ. ಯಾರಿಗೂ ಬೇಡದ್ದಕ್ಕೆ, ಯಾರೂ ಕೇಳದ್ದಕ್ಕೆ, ಸ್ವಂತ ಮನೆಯವರೇ ಕೂತು ಮಾತಾಡಿ ಅವನನ್ನು ಚೌಕಟ್ಟಿನಿಂದ ಹೊರಗೆ ಇಟ್ಟಿದ್ದರು.

“ಒಂದು ಕೆಲಸ ಮಾಡುವ,” ಮದುಮಗನ ಅಪ್ಪನ ದನಿ ಮತ್ತೆ ಹಗುರವಾಯಿತು. “ಬೆಂಕಿ ಇನ್ನೂ ಆರಲಿಲ್ಲ. ಗೆರಸೆಯಲ್ಲಿ ಹೊದಳು ಉಂಟು. ಅಣ್ಣನೇ ಈಗ ಹಾಕಲಿ. ಅಮ್ಮನಿಗೆ ಪಟವೂ ಆಯ್ತು, ಇವನ ಮನಸ್ಸಿಗೂ ಸಮಾಧಾನ ಆಯ್ತು.”

ಎಲ್ಲರಿಗೂ ಉಸಿರು ಬಂತು. ಎಲ್ಲರಿಗಿಂತ ಮೊದಲು ದೊಡ್ಡಪ್ಪನಿಗೆ ಬಂತು. “ಅದನ್ನೇ ನಾನೂ ಹೇಳುದು! ಅಣ್ಣ ಅಲ್ವಾ ಅವ? ಅವನೇ ಹಾಕ್ಬೇಕು. ಏ ಉದಯ, ಆ ಕ್ಯಾಮೆರಾ ಹಿಡ್ಕೋ.”

ಉದಯಶಂಕರ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ತಿರುಗಿಸಿ ಮುರುಗಿಸಿ ನೋಡಿದ. “ಎಲ್ಲಿ ಒತ್ತುದು ಇದರಲ್ಲಿ?”

“ಮಂತ್ರ ಎಲ್ಲ ಇಲ್ಲ, ಆಯ್ತಾ?” ಪಂಚೆ ಮಡಚಿಕೊಳ್ಳುತ್ತಿದ್ದ ಭಟ್ರು ಅಂದರು. “ಹೋಮ ಆಗಿ ಹೋಗಿದೆ. ಇದು ಸುಮ್ಮನೆ ಪಟಕ್ಕೆ.”

ಚಿನ್ಮಯೀ ಎದ್ದು ಬಂದಳು. ಹೊಗೆಗೆ ಕಣ್ಣು ಕೆಂಪಾಗಿತ್ತೋ ಅತ್ತು ಕೆಂಪಾಗಿತ್ತೋ. ಅಣ್ಣನ ಎದುರು ನಿಂತಳು.

“ನಿನಗೆ ಗೊತ್ತಿತ್ತಾ?” ಮುರಳಿ ಕೇಳಿದ.

“ಗೊತ್ತಿತ್ತು. ನಿಶ್ಚಿತಾರ್ಥದ ದಿನವೇ ಅಮ್ಮ ಹೇಳಿದ್ದಳು. ಬೇಡ ಅನ್ಬೇಕಿತ್ತು ನಾನು. ಇದೂ ತಪ್ಪಿ ಹೋಗ್ತದಾಂತ ಹೆದರಿದೆ. ನನ್ನದೇ ತಪ್ಪು ಅಣ್ಣ. ಈಗ ಹಾಕು. ಎಲ್ಲರೂ ಹೇಳುದಕ್ಕೆ ಅಲ್ಲ, ನಾನು ಕೇಳ್ತಿದ್ದೇನೆ. ಹಾಕು.”

ಅವಳು ಬೊಗಸೆ ಒಡ್ಡಿದಳು. ಅಪ್ಪ ದೂರದಲ್ಲಿ ಶಲ್ಯದ ತುದಿಯಿಂದ ಮುಖ ಒರೆಸಿಕೊಂಡರು. ಸಾಕ್ಷಿ ಗೆರಸೆಯನ್ನು ತಂದು ಮುರಳಿಯ ಕೈಗೆ ಸಿಗುವ ಹಾಗೆ ಹಿಡಿದಳು. ಗೆರಸೆಯ ತಳದಲ್ಲಿ ಒಂದು ಬೊಗಸೆಯಷ್ಟು ಹೊದಳು ಉಳಿದಿತ್ತು.

ಮುರಳಿ ತಂಗಿಯ ಅಂಗೈ ನೋಡಿದ. ಮದರಂಗಿಯ ಮೇಲೆ ತುಪ್ಪ ಹೆಪ್ಪುಗಟ್ಟಿತ್ತು. ಆ ತುಪ್ಪಕ್ಕೆ, ಕಿರುಬೆರಳ ಬುಡದಲ್ಲಿ, ಒಂದು ಹೊದಳು ಇನ್ನೂ ಅಂಟಿಕೊಂಡಿತ್ತು. ಉದಯ ಹಾಕಿದ್ದು, ಬೆಂಕಿಗೆ ಬೀಳದೆ ಉಳಿದದ್ದು.

“ಬೇಗ ಹಾಕು ಮುರಳಿ,” ದೊಡ್ಡಪ್ಪ ಹಿಂದಿನಿಂದ ಅಂದರು. “ಎಲೆಗೆ ಬಡಿಸಿ ಆಯ್ತು.”

“ಅಣ್ಣ,” ಅಂದಳು ಚಿನ್ಮಯೀ.

“ಇಲ್ಲ,” ಅಂದ ಮುರಳಿ. “ನಾನು ಹಾಕುದಿಲ್ಲ.”